ಬಾಟಲಿ ತಳದ ಹುಳಿ

ಹದಿನಾರು ಎಂಬ ಊರಿನ ಜವರಮ್ಮ ಹುಣಸೆಹಣ್ಣಿನ ಬೀಜ ಬಿಡಿಸಲು ಮೊದಲು ಕೂತದ್ದು ಏಳನೇ ವಯಸ್ಸಿನಲ್ಲಿ. ಮದುವೆಯಾಗಿ ಬಂದ ಮನೆಯ ಹಿತ್ತಲಲ್ಲೂ ಎರಡು ಹುಣಸೆಮರ. ಬೇಸಿಗೆ ಬಂತೆಂದರೆ ಅತ್ತೆ ಮಾದಮ್ಮನೂ ಅವಳೂ ಜಗಲಿಯಲ್ಲಿ ಕೂತು ಓಡು ಬಡಿದು, ನಾರು ಎಳೆದು, ಬೀಜ ಬಿಡಿಸಿ ಗಡಿಗೆಗೆ ತುಂಬುವರು. ಹುಳಿಗೆ ಬೆರಳ ಸಂದಿ ಬಿರಿಯುತ್ತಿತ್ತು. ಹೆಂಡತಿ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಗಂಡ ಮಂಟೇಸ್ವಾಮಿ, "ಏನಿಲ್ಲ, ಮನೇಲವ್ಳೆ" ಅನ್ನುತ್ತಿದ್ದ.

ಒಮ್ಮೆ ಹಳೆಯ ಗಡಿಗೆಯ ತಳದಲ್ಲಿ ಮಿಣಮಿಣ ಹೊಳೆಯುವ ಹರಳು ಕಂಡು, ಗಾಜಿನ ಚೂರು ಬಿದ್ದಿದೆಯೆಂದು ಜವರಮ್ಮ ಅಷ್ಟನ್ನೂ ತಿಪ್ಪೆಗೆ ಸುರಿಯಲು ಹೊರಟಿದ್ದಳು. ಮಾದಮ್ಮ ತಡೆದು, ಆ ಹರಳನ್ನು ಬಿಸಿನೀರಿಗೆ ಹಾಕಿ ಕದಡಿ ತೋರಿಸಿದಳು. ಹರಳು ಮಾಯವಾಗಿ ನೀರು ಹುಳಿಯಾಗಿತ್ತು.

"ಕರಗುದ್ರೆ ಉಳಿ, ಕರಗ್ದಿದ್ರೆ ಕಸ. ಮೊದ್ಲು ನೋಡು, ಆಮೇಲ್ ಚೆಲ್ಲು."

ಮಾದಮ್ಮ ತೀರಿಕೊಂಡ ಮರುವರ್ಷ, ನಲವತ್ತೆರಡನೇ ವಯಸ್ಸಿಗೆ, ಜವರಮ್ಮ ನಂಜನಗೂಡಿನಾಚೆಯ ವೈನ್ ಕಾರ್ಖಾನೆಗೆ ಸೇರಿದಳು. ಬಾಟಲಿ ತೊಳೆದು, ದೀಪಕ್ಕೆ ಹಿಡಿದು ನೋಡಿ ಸಾಲಿಗಿಡುವ ಕೆಲಸ. ಬೆಳಿಗ್ಗೆ ನಾಲ್ಕಕ್ಕೆದ್ದು ಮನೆಯ ಪಾತ್ರೆ ತೊಳೆದು ಬಂದವಳಿಗೆ ಇದು ಹೊಸದೇನಲ್ಲ. ಇಲ್ಲಿ ಮಾತ್ರ ತೊಳೆದದ್ದಕ್ಕೆ ಸಂಬಳ ಕೊಡುತ್ತಿದ್ದರು.

ಒಂದು ಬೆಳಿಗ್ಗೆ ಮೇಲ್ವಿಚಾರಕ ರಾಜೇಂದ್ರ ಶೀತಲ ಕೋಣೆಯಿಂದ ವೈನು ತುಂಬಿದ ಬಾಟಲಿಯೊಂದನ್ನು ತಂದು ಅವಳ ಮುಂದೆ ಹಿಡಿದ. ತಳದಲ್ಲಿ ಹೊಳೆಯುವ ಚೂರುಗಳು.

"ಏನಮ್ಮ ಇದು? ಹನ್ನೆರಡು ಬಾಟ್ಲೀಲೂ ಗಾಜು. ದೀಪದ್ ಮುಂದೆ ನಿದ್ದೆ ಹೊಡೀತಿದ್ಯಾ? ನಾಳೆಯಿಂದ ಬರೋದು ಬೇಡ."

ಜವರಮ್ಮ ಬಾಟಲಿ ಇಸಕೊಂಡು ಅಲ್ಲಾಡಿಸಿ ನೋಡಿದಳು. ಆ ಹೊಳಪನ್ನು ಅವಳು ಹಿಂದೆಯೂ ಕಂಡಿದ್ದಳು.

"ಒಸಿ ತಡೀರಿ ಸಾ. ಒಂದ್ ಲೋಟ ಬಿಸ್ನೀರ್ ತರುಸ್ರಿ."

"ಯಾಕೆ, ಟೀ ಮಾಡ್ತೀಯಾ?"

ಆಗಷ್ಟೇ ತಿ. ನರಸೀಪುರದ ಬಸ್ಸಿಳಿದು ಬಂದಿದ್ದ ಪವಿತ್ರಾ ಬಾಗಿಲಲ್ಲಿ ನಿಂತಿದ್ದಳು. ವೈನು ಪರೀಕ್ಷಿಸುವ ಲ್ಯಾಬು ಅವಳದು. ಬಾಟಲಿ ನೋಡಿದೊಡನೆ ಏನೋ ಹೇಳಲು ಬಾಯಿ ತೆರೆದವಳು ತಡೆದು, "ನೀವೇ ಮಾಡಿ ತೋರಿಸಿ ಜವರಮ್ಮ" ಎಂದು ತಾನೇ ಬಿಸಿನೀರು ತಂದುಕೊಟ್ಟಳು.

ಜವರಮ್ಮ ವೈನು ಬಸಿದು, ತಳದ ಹರಳನ್ನು ಲೋಟಕ್ಕೆ ಹಾಕಿ ಕದಡಿದಳು. ಮೂವರೂ ಬಗ್ಗಿ ನೋಡಿದರು. ಲೋಟದಲ್ಲಿ ಒಂದು ಚೂರೂ ಉಳಿಯಲಿಲ್ಲ.

"ಗಾಜಲ್ಲ ಸಾ, ಉಳಿ. ನಮ್ಮತ್ತೆ ಉಣ್ಸೆ ಗಡಿಗೇಲಿ ತೋರ್ಸಿದ್ರು."

"ನಿಮ್ಮತ್ತೆ ಹೇಳಿದ್ದು ಸರಿ," ಎಂದಳು ಪವಿತ್ರಾ. "ದ್ರಾಕ್ಷಿಯಲ್ಲಿರೋದೂ ಹುಣಸೆಯಲ್ಲಿರೋದೂ ಒಂದೇ ಹುಳಿ, ಟಾರ್ಟಾರಿಕ್ ಆಮ್ಲ. ಅದು ಹಣ್ಣಿನ ಪೊಟ್ಯಾಸಿಯಂ ಜೊತೆ ಸೇರಿ, ಚಳಿ ತಗುಲಿದ್ರೆ ಹರಳುಗಟ್ಟಿ ತಳಕ್ಕೆ ಕೂರುತ್ತೆ. ಬಾಟಲಿಗೆ ತುಂಬೋ ಮೊದಲೇ ಟ್ಯಾಂಕಿಯಲ್ಲಿ ಇನ್ನಷ್ಟು ದಿನ ತಣ್ಣಗಿಟ್ಟಿದ್ರೆ ಅಲ್ಲೇ ಕೂತುಬಿಡ್ತಿತ್ತು. ತಪ್ಪು ನನ್ನ ಲ್ಯಾಬಿಂದು ರಾಜೇಂದ್ರ ಸರ್, ಬಾಟಲಿ ತೊಳೆದವರದ್ದಲ್ಲ."

ರಾಜೇಂದ್ರ ತಲೆ ಕೆರೆದುಕೊಂಡ. "ಸರಿ ಬಿಡಮ್ಮ, ಹೋಗಿ ಕೆಲ್ಸ ನೋಡು."

ತಪ್ಪು ತನ್ನದೆಂದು ಬಾಯಿಬಿಟ್ಟು ಹೇಳಿದವರನ್ನು ಜವರಮ್ಮ ಅವತ್ತೇ ಮೊದಲು ನೋಡಿದ್ದು. ಊಟದ ಹೊತ್ತಿಗೆ ಲ್ಯಾಬಿನ ಬಾಗಿಲಿಗೆ ಹೋಗಿ ನಿಂತಳು. ಪವಿತ್ರಾ ಕುರ್ಚಿ ಎಳೆದುಕೊಟ್ಟಳು.

"ಅಲ್ಲ ಮೇಡಮ್, ಈ ವೈನಲ್ಲಿ ಇನ್ನೇನೇನದೆ?"

"ನೂರು ಪಾಲಿಗೆ ಎಂಬತ್ತೈದು ಬರೀ ನೀರು. ಹನ್ನೆರಡು ಹದಿಮೂರು ಆಲ್ಕೋಹಾಲು, ದ್ರಾಕ್ಷಿಯ ಸಕ್ಕರೆಯನ್ನ ಈಸ್ಟು ತಿಂದು ಮಾಡಿದ್ದು. ಹುಳಿ, ಒಗರು, ಬಣ್ಣ, ವಾಸನೆ ಎಲ್ಲಾ ಉಳಿದ ಎರಡು ಮೂರು ಪಾಲಲ್ಲಿ."

"ಅದಿಲ್ದಿದ್ರೆ?"

"ನೀರು ಬೆರೆಸಿದ ಸಾರಾಯಿ."

ಜವರಮ್ಮ ನಕ್ಕಳು. ಲೆಕ್ಕಕ್ಕೆ ಬಾರದ ಆ ಚೂರುಪಾರೇ ರುಚಿಯೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಆ ಬೇಸಿಗೆ ಅವಳು ಗಂಡನ ಮುಂದೆ ಹುಣಸೆಹಣ್ಣಿನ ಮೊರ ಇಟ್ಟಳು. "ನಂಗೆ ಡ್ಯೂಟಿ ಅದೆ. ನನ್ ಕೆಲ್ಸ ಉಳ್ಸಿದ್ ಮೇಡಮ್ಗೆ ಕೊಡ್ಬೇಕು, ಬೀಜ ಬುಡ್ಸಿಡಿ." ಮಂಟೇಸ್ವಾಮಿ ಮೊರವನ್ನೂ ಅವಳನ್ನೂ ನೋಡಿ, ಗೊಣಗುತ್ತಲೇ ಕೂತ.

ವಾರದ ನಂತರ ಪವಿತ್ರಾಳ ಮೇಜಿನ ಮೇಲೆ ಎರಡು ಕೆಜಿ ಹುಣಸೆಹಣ್ಣಿತ್ತು.

"ಅಯ್ಯೋ, ಇಷ್ಟೊಂದು ಯಾಕೆ ಬಿಡಿಸೋಕೆ ಹೋದ್ರಿ?"

"ನಾನಲ್ಲ ಮೇಡಮ್, ನಮ್ಮನೆಯವ್ರು. ಅರ್ಧ ಬೀಜ ಅದ್ರಲ್ಲೇ ಅದೆ, ನೋಡ್ಕಂಡ್ ಕಿವುಚಿ."