ಹೊಟ್ಟೆ ತುಂಬಿದೆ ಎಂದವರು

ಮೊಳಕೈವರೆಗೆ ಮಡಿಚಿದ ಅಂಗಿಯ ತೋಳು, ಅದರ ಕೆಳಗೆ ಆಗತಾನೇ ತೊಳೆದಂತೆ ತೇವದಿಂದ ಹೊಳೆಯುವ ಕೈಗಳು, ಒಂದು ಗೆರೆ ಕೊಳೆಯೂ ಇಲ್ಲದಂತೆ ಕತ್ತರಿಸಿದ ಉಗುರುಗಳು. ನಮ್ಮ ವ್ಯಾನಿನ ಚಾಲಕರನ್ನು ನೆನೆದರೆ ಮುಖಕ್ಕಿಂತ ಮೊದಲು ನನಗೆ ಕಾಣುವುದು ಆ ಕೈಗಳೇ. ಟೈರು ಬದಲಿಸಿದರೂ, ಎಂಜಿನ್ನಿನೊಳಗೆ ಕೈ ಹಾಕಿದರೂ, ಸೀಟಿನ ಕೆಳಗಿನ ಡಬ್ಬಿಯಿಂದ ಸೋಪಿನ ಚೂರನ್ನು ತೆಗೆದು ಉಜ್ಜಿ ತೊಳೆದುಕೊಂಡ ಮೇಲೆಯೇ ಅವರು ನನ್ನ ಹೆಂಡತಿಗೆ ಬಾಗಿಲು ತೆರೆಯುತ್ತಿದ್ದರು. ಇಲ್ಲಿ ‘ಅವರು’ ಎಂದು ಬರೆಯುತ್ತಿದ್ದೇನೆ. ಅವರೊಡನೆ ತಿರುಗಾಡಿದ ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಹಾಗೆ ಕರೆಯಲಿಲ್ಲ.

ನನಗೆ ಮರೆವಿಲ್ಲ ಎಂಬುದು ನೆಂಟರಿಷ್ಟರಲ್ಲೆಲ್ಲ ಪ್ರಸಿದ್ಧವಾದ ಸಂಗತಿ. ಯಾರು ನನ್ನನ್ನು ಹೊಸಿಲಲ್ಲಿ ನಿಲ್ಲಿಸಿ ಮಾತನಾಡಿ ಕಳಿಸಿದರು, ಯಾರು ಲಗ್ನಪತ್ರಿಕೆಯಲ್ಲಿ ನನ್ನ ಹೆಸರನ್ನು ತಮ್ಮನ ಹೆಸರಿನ ಕೆಳಗೆ ಅಚ್ಚು ಹಾಕಿಸಿದರು, ಯಾವ ಮೇಲಧಿಕಾರಿ ನನ್ನ ಬೀಳ್ಕೊಡುಗೆಯ ದಿನವೇ ರಜೆ ಹಾಕಿ ಹೋದ, ಎಲ್ಲವನ್ನೂ ವಾರ, ತಿಥಿ ಸಮೇತ ಹೇಳಬಲ್ಲೆ. ಇದನ್ನು ನಾನು ದೋಷವೆಂದು ಎಂದೂ ಭಾವಿಸಿದವನಲ್ಲ. ಅವಮಾನವನ್ನು ಮರೆಯುವವನು ಮಾನವನ್ನೂ ಮರೆಯುತ್ತಾನೆ ಎಂಬುದು ನನ್ನ ವಾದವಾಗಿತ್ತು.

ನಾವು ಕೋಲಾರ ಪೇಟೆಯಲ್ಲಿ ನೆಲೆಸಿದವರು. ನಾನು ನಿವೃತ್ತನಾದ ತಿಂಗಳೇ ನನ್ನ ಹೆಂಡತಿ ಒಂದು ಷರತ್ತು ಹಾಕಿದಳು. “ಇಷ್ಟು ವರ್ಷ ನಿಮ್ಮ ಆಫೀಸಿನ ಕಥೆ ಕೇಳಿ ಕೇಳಿ ಸಾಕಾಗಿದೆ. ಇನ್ಮೇಲೆ ಹದಿನೈದು ದಿನಕ್ಕೊಂದ್ಸಲ ನನ್ನ ಹೊರಗೆ ಕರ್ಕೊಂಡು ಹೋಗ್ಬೇಕು. ಕಾಶಿ ರಾಮೇಶ್ವರ ಬೇಡ. ಬೆಳಿಗ್ಗೆ ಹೋಗಿ ದೀಪ ಹಚ್ಚೋ ಹೊತ್ತಿಗೆ ಮನೆ ಸೇರೋ ಅಂಥ ಜಾಗ ಸಾಕು.” ಹಾಗೆ ಗೊತ್ತಾದವರು ಈ ಚಾಲಕರು. ಗೌನಿಪಲ್ಲಿಯ ಹತ್ತಿರದ ಹಳ್ಳಿಯವರು. ಕನ್ನಡದಲ್ಲಿ ಹೊರಟ ಅವರ ಮಾತು ತೆಲುಗಿನಲ್ಲಿ ಇಳಿಯುತ್ತಿತ್ತು. ನಾನು ಮೊದಲ ದಿನವೇ ಆವನಿ, ಕುರುಡುಮಲೆ, ಮುಳಬಾಗಿಲು ಎಂದು ಒಂದೇ ದಿನಕ್ಕೆ ಮೂರು ಊರಿನ ಪಟ್ಟಿ ಬರೆದು ಕೊಟ್ಟಾಗ ಅವರು ಅದನ್ನು ಓದಿ, ಮಡಿಸಿ, ಹಿಂದಕ್ಕೆ ಕೊಟ್ಟರು.

“ದಿನಕ್ಕೆ ಒಂದ್ ದೇವ್ರು, ಒಂದ್ ತಿಂಡಿ ಸಾಕು ಸಾರ್. ಜಾಸ್ತಿ ಆದ್ರೆ ಎರಡೂ ನೆನಪಿರಲ್ಲ.”

ಹೀಗೆ ಪಟ್ಟಿ ಹಿಂದಿರುಗಿಸಿದ್ದನ್ನು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಆದರೆ ಅವರ ಮಾತೇ ನಮ್ಮ ತಿರುಗಾಟದ ಕ್ರಮವಾಯಿತು. ಒಂದು ದೇವರು, ಒಂದು ತಿಂಡಿ. ಅಂತರಗಂಗೆಯ ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬೀಳುವ ನೀರನ್ನು ಬೊಗಸೆಯಲ್ಲಿ ಹಿಡಿದು, ಇಳಿದು ಬಂದ ಮೇಲೆ ಬೇಯಿಸಿದ ಕಡಲೆಕಾಯಿ. ಕುರುಡುಮಲೆಯ ಆಳೆತ್ತರ ಮೀರಿದ ಗಣಪತಿಯನ್ನು ನೋಡಿ ಮುಳಬಾಗಿಲಿಗೆ ಬಂದರೆ ಅಲ್ಲಿಯ ದೋಸೆ: ಅಂಚು ಗರಿಗರಿ, ನಡುವೆ ಹತ್ತಿಯಷ್ಟು ಮೆದು, ಒಳಗೆ ಕೆಂಪು ಚಟ್ನಿ. ಅವರೆಕಾಯಿಯ ಕಾಲದಲ್ಲಿ ಚಿಕ್ಕತಿರುಪತಿ, ಮರದ ನೆರಳಲ್ಲಿ ಹೆಂಡತಿ ಕಟ್ಟಿ ತಂದ ಅವರೆಕಾಳಿನ ಉಪ್ಪಿಟ್ಟು. ದೂರದ ಊರುಗಳನ್ನು ನೋಡಿ ಬಂದ ನೆಂಟರು ಫೋಟೋ ತೋರಿಸುವಾಗ ನನ್ನ ಹೆಂಡತಿ ಸುಮ್ಮನೆ ನಗುತ್ತಿದ್ದಳು. ನಮ್ಮೂರಿನದೇ ಸೋಮೇಶ್ವರ ದೇವಾಲಯದ ಕಲ್ಯಾಣಮಂಟಪದಲ್ಲಿ ಒಂದೇ ಕಂಬದ ಮುಂದೆ ಒಂದು ಗಂಟೆ ಕುಳಿತವಳು ಅವಳು. ಆ ಕಂಬವನ್ನು ಆಯ್ದುಕೊಟ್ಟವರು ಚಾಲಕರು. “ಎಲ್ಲಾ ನೋಡ್ಬೇಡಿ ಅಮ್ಮಾ, ಇದೊಂದ್ ನೋಡಿ. ಆ ಹೆಂಗ್ಸಿನ ಜಡೆ ನೋಡಿ, ಯಾರೋ ಈಗ್ಲೇ ಹೆಣೆದಂಗಿದೆ” ಎಂದು ಹೇಳಿ ಹೊರಗೆ ಹೋಗಿ ನಿಂತಿದ್ದರು.

ಅಂತರಗಂಗೆಯಲ್ಲಿ ಒಮ್ಮೆ ಕೋತಿಯೊಂದು ಅವಳ ಕನ್ನಡಕವನ್ನು ಕಿತ್ತುಕೊಂಡು ಬಂಡೆ ಏರಿತು. ನಾನು ಕೋಲು ಬೀಸಿದೆ. ಅದು ಇನ್ನೂ ಎರಡು ಬಂಡೆ ಮೇಲೆ ಹೋಯಿತು. ಚಾಲಕರು ಬಂದು ನೆಲದ ಮೇಲೆ ಬೆನ್ನು ತಿರುಗಿಸಿ ಕುಳಿತು, ಕಡಲೆಕಾಯಿ ಸುಲಿಯುತ್ತ, ಕೋತಿಯೊಡನೆ ತೆಲುಗಿನಲ್ಲಿ ಕಷ್ಟಸುಖ ಮಾತನಾಡತೊಡಗಿದರು. ಕೋತಿ ಇಳಿದು ಬಂದು, ಕನ್ನಡಕ ಬಿಟ್ಟು, ಕಡಲೆಕಾಯಿಗೆ ಕೈ ಹಾಕಿತು. “ಅದಕ್ಕೇನ್ ಹೇಳಿದ್ಯಪ್ಪಾ?” ಎಂದು ನನ್ನ ಹೆಂಡತಿ ಕೇಳಿದರೆ, “ಏನಿಲ್ಲ ಅಮ್ಮಾ. ಸಾರ್‌ಗೆ ಕೋಪ ಬಂದಿದೆ, ನಾನಂತೂ ಅವರ ಹತ್ರ ಬೈಸ್ಕೊಳಕ್ಕಾಗಲ್ಲ, ನೀನೇ ಬಾ ಅಂದೆ” ಎಂದರು. ಅವಳು ಮೆಟ್ಟಿಲ ಮೇಲೆ ಕುಳಿತು ನಕ್ಕಳು. ನಾನು ನಗಲಿಲ್ಲ. ಅದನ್ನೂ ಗುರುತು ಹಾಕಿಕೊಂಡೆ.

ಆದರೆ ಅವರ ಮೇಲೆ ನನಗಿದ್ದ ದೊಡ್ಡ ದೂರು ಬೇರೆ. ಅವರು ನಮ್ಮ ಕೈಯಿಂದ ಏನನ್ನೂ ತಿನ್ನುತ್ತಿರಲಿಲ್ಲ. ನನ್ನ ಹೆಂಡತಿ ಪ್ರತಿ ಸಲವೂ ಅವರಿಗೆಂದು ಬೇರೆ ಡಬ್ಬಿ ಕಟ್ಟುತ್ತಿದ್ದಳು. ಅವರು ಪ್ರತಿ ಸಲವೂ ತೊಳೆದ ಕೈಗಳನ್ನು ಜೋಡಿಸಿ, “ಕಡುಪು ನಿಂಡಿಂದಮ್ಮಾ, ಹೊಟ್ಟೆ ತುಂಬಿದೆ” ಎನ್ನುತ್ತಿದ್ದರು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟ ಮನುಷ್ಯನ ಹೊಟ್ಟೆ ಮಧ್ಯಾಹ್ನ ಎರಡಕ್ಕೆ ಹೇಗೆ ತುಂಬಿರುತ್ತದೆ? ಕುರುಡುಮಲೆಯಲ್ಲಿ ಚಿತ್ರಾನ್ನವನ್ನು ಬಿಟ್ಟರು. ಚಿಕ್ಕತಿರುಪತಿಯಲ್ಲಿ ಉಪ್ಪಿಟ್ಟನ್ನು ಬಿಟ್ಟರು. ಮಾಸ್ತಿಯ ದಾರಿಯಲ್ಲಿ ನಾವು ಮರದ ಕೆಳಗೆ ಎಲೆ ಹಾಸಿದಾಗ ವ್ಯಾನಿನ ಆಚೆ ಬದಿಗೆ ಹೋಗಿ ನಿಂತರು. ಮುಳಬಾಗಿಲಿನಲ್ಲಿ ನಾವು ಒಂದು ಹೋಟೆಲ್ಲಿಗೆ ಹೋದರೆ ಅವರು ರಸ್ತೆಯಾಚೆಯ ಇನ್ನೊಂದಕ್ಕೆ. ನಮ್ಮ ಮನೆಯ ಅನ್ನ ಇವನಿಗೆ ಸಲ್ಲದೇ ಎಂದು ನಾನು ಉರಿಯುತ್ತಿದ್ದೆ. ಯಾವ ಊರಿನಲ್ಲಿ ಯಾವ ತಿನಿಸನ್ನು ನಿರಾಕರಿಸಿದರು ಎಂಬುದನ್ನು ಇಂದಿಗೂ ಕ್ರಮ ತಪ್ಪದೆ ಹೇಳಬಲ್ಲೆ.

ಒಂದು ಬೇಸಿಗೆಯಲ್ಲಿ ಅವರೇ ನಮ್ಮನ್ನು ತಮ್ಮ ಊರ ಕಡೆಯ ಮಾವಿನ ತೋಪಿಗೆ ಕರೆದೊಯ್ದರು. ತಾವೇ ಮರ ಹತ್ತಿ, ನೆಲಕ್ಕೆ ತಾಗದಂತೆ ಬಲೆಯಲ್ಲಿ ಬಾದಾಮಿ ಹಣ್ಣುಗಳನ್ನು ಇಳಿಸಿ, ಹುಲ್ಲಿನ ಮೇಲಿಟ್ಟು ದೂರ ನಿಂತರು. ನಾನು ಹಣ್ಣು ಕೊಯ್ದು, ಅಪರೂಪಕ್ಕೆ ಉದಾರನಾಗಿ, ಒಂದು ಹೋಳನ್ನು ಅವರತ್ತ ಚಾಚಿದೆ. ಅವರು ಕೈ ಜೋಡಿಸಿದರು. “ಕಡುಪು ನಿಂಡಿಂದಿ ಸಾರ್.”

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. “ಏನಯ್ಯಾ, ನನ್ನ ಕೈಯಿಂದ ಒಂದು ಹೋಳು ತಿಂದ್ರೆ ನಿನ್ನ ಮರ್ಯಾದೆ ಹೋಗುತ್ತೇನು? ಎಷ್ಟು ಸೊಕ್ಕು ನಿನಗೆ!”

ಅವರು ನನ್ನ ಕೈಯಲ್ಲಿದ್ದ ಹೋಳನ್ನು ನೋಡಿದರು. “ನನ್ ಮರ್ಯಾದೆಗೆ ಏನಾಗುತ್ತೆ ಸಾರ್. ನೀವ್ ತಿನ್ನಿ, ರಸ ಮೊಳಕೈಗೆ ಇಳೀತಿದೆ” ಎಂದರು.

ಆಮೇಲೆ ಎರಡು ತಿಂಗಳು ನಾನು ಬೇರೆ ಗಾಡಿ ಗೊತ್ತು ಮಾಡಿದೆ. ಆ ಚಾಲಕ ಒಂದೇ ದಿನಕ್ಕೆ ನಾಲ್ಕು ದೇವಸ್ಥಾನ ತೋರಿಸಿದ. ನನ್ನ ಹೆಂಡತಿ ಒಂದನ್ನೂ ನೋಡಲು ಇಳಿಯಲಿಲ್ಲ. ಕೊನೆಗೆ ನಾನೇ ಸೋತು ಇವರನ್ನು ಕರೆಸಿದೆ. ಏನೂ ನಡೆದಿಲ್ಲವೆಂಬಂತೆ ಬಂದು ಬಾಗಿಲು ತೆರೆದರು. ಅವಳು ಡಬ್ಬಿ ಕಟ್ಟುವುದನ್ನು ಬಿಡಲಿಲ್ಲ, ಅವರು ಬೇಡವೆನ್ನುವುದನ್ನೂ ಬಿಡಲಿಲ್ಲ.

ಹೋದ ವರ್ಷ ಮಾಗಿಯಲ್ಲಿ ಅವರು ಎದೆನೋವಿನಿಂದ ತೀರಿಕೊಂಡರು. ಸುದ್ದಿ ನಮಗೆ ತಲುಪಿದ್ದು ತಡವಾಗಿ. ಬರುತ್ತೇವೆಂದು ಹೇಳಿಕಳಿಸಿ ಹನ್ನೊಂದನೆಯ ದಿನದ ತಿಥಿಗೆ ಹೊರಟೆವು. ದಾರಿಯಲ್ಲಿ ನಾನು ಹೆಂಡತಿಗೆ ಹೇಳಿದ ಮಾತನ್ನು ಮುಚ್ಚಿಡಬಾರದು. “ಅಲ್ಲಿ ಊಟಕ್ಕೆ ಬಲವಂತ ಮಾಡ್ತಾರೆ ಕಣೇ. ನನಗೆ ಸಕ್ಕರೆ ಕಾಯಿಲೆ, ಹೊರಗೆ ತಿನ್ನೋ ಹಾಗಿಲ್ಲ ಅಂತ ಹೇಳಿಬಿಡೋಣ.”

ಅವರ ಮನೆ ಊರಿನಿಂದ ಸ್ವಲ್ಪ ಆಚೆ, ಕೇರಿಯಲ್ಲಿತ್ತು. ಶಾಮಿಯಾನದ ಕೆಳಗೆ ಪಂಕ್ತಿ ಕುಳಿತಿತ್ತು. ಅವರ ಹೆಂಡತಿ ನಮ್ಮನ್ನು ಕಂಡವರೇ ಎದ್ದು ಬಂದು, “ಸಾರ್‌ಗೆ ಕುರ್ಚಿ ಹಾಕ್ರಪ್ಪಾ, ಆ ಕಡೆ ನೆರಳಿಗೆ. ಎಳನೀರು ತರಿಸಿ ಇಟ್ಟಿದೀನಲ್ಲ, ಕೆತ್ತಿಸಿ ಕೊಡ್ರಿ” ಎಂದರು. ಪಂಕ್ತಿಯಿಂದ ದೂರ, ಒಂಟಿಯಾಗಿ, ಹೊಸ ಟವೆಲ್ ಹಾಸಿದ ಒಂದು ಕುರ್ಚಿ ಬಂತು. ನೆಪ ಹೇಳುವ ಅಗತ್ಯವೇ ಬೀಳಲಿಲ್ಲ. ಸಮಾಧಾನವಾಗಬೇಕಾಗಿತ್ತು. ಅದರ ಬದಲು ಕೋಪ ಬಂತು.

“ನಾನು ನಿಮ್ಮನೇಲಿ ಊಟ ಮಾಡಲ್ಲ ಅಂತ ಯಾರಮ್ಮಾ ನಿನಗೆ ಹೇಳಿದ್ದು?”

“ಅವರೇ ಸಾರ್” ಎಂದರು ಆಕೆ. ದನಿಯಲ್ಲಿ ಎಳ್ಳಷ್ಟೂ ಮುನಿಸಿಲ್ಲ. ಉಪಚಾರದಲ್ಲಿ ಏನಾದರೂ ತಪ್ಪಾಯಿತೇನೋ ಎಂಬ ಗಾಬರಿ ಮಾತ್ರ. “ಮೊದ್ಲನೇ ಸಲ ಆವನಿಗೆ ಹೋಗಿದ್ರಲ್ಲ, ಅಮ್ಮ ಕೊಟ್ಟ ಪುಳಿಯೋಗರೆ ತಿಂತಾ ಇದ್ರಂತೆ. ಗಂಟಲಿಗೆ ಸಿಕ್ಕೊಂಡು, ಕೇಳ್ದೆ ನಿಮ್ಮ ಕೂಜಾ ಎತ್ತಿ ಎರಡು ಗುಟುಕು ನೀರು ಕುಡಿದುಬಿಟ್ರಂತೆ. ನೀವು ನೀರೆಲ್ಲಾ ಚೆಲ್ಲಿ, ಮಣ್ಣು ಹಾಕಿ ಕೂಜಾ ಉಜ್ಜಿ, ಬೇರೆ ನೀರು ತುಂಬ್ಸಿದ್ರಂತೆ. ಸಾರ್‌ದು ಮಡಿ ಜಾಸ್ತಿ, ಒಳ್ಳೆಯವರು, ನಾನೇ ನೋಡ್ಕೊಂಡು ಇರ್ಬೇಕಿತ್ತು ಅಂತಿದ್ರು. ಸಾರ್ ಯಾವತ್ತಾದ್ರೂ ನಮ್ಮನೆಗೆ ಬಂದ್ರೆ ಎಳನೀರು ಕೊಡು, ಅದಕ್ಕೆ ಯಾರ ಕೈಯೂ ತಗಲಿರಲ್ಲ ಅಂತ ನನಗೆ ಹೇಳಿದ್ರು.”

ನಮ್ಮದು ಬೇಸಾಯದ ಮನೆತನ. ಮಡಿ ಉಡುವವರು ನಮ್ಮಲ್ಲಿ ಯಾರೂ ಇಲ್ಲ. ನಾನು ಮಾಡಿದ್ದಕ್ಕೆ ಬೇರೆ ಹೆಸರಿದೆ, ಅದು ಚಾಲಕರಿಗೂ ಗೊತ್ತಿತ್ತು. ತಮ್ಮ ಹೆಂಡತಿಯ ಮುಂದೆ ನನ್ನ ಮಾನ ಕಾಪಾಡಲು ಅದನ್ನು ಮಡಿ ಎಂದು ಕರೆದಿದ್ದರು. ಆವನಿಯ ಆ ದಿನ ಹೆಂಡತಿ ಉಟ್ಟಿದ್ದ ಸೀರೆಯ ಅಂಚು ನನಗೆ ನೆನಪಿದೆ, ಅರ್ಚಕರು ಮಂಗಳಾರತಿಯನ್ನು ನನಗಿಂತ ಮೊದಲು ಇನ್ನೊಬ್ಬರಿಗೆ ಕೊಟ್ಟದ್ದು ನೆನಪಿದೆ. ಕೂಜಾ ಚೆಲ್ಲಿದ್ದು ನೆನಪಿರಲಿಲ್ಲ. ಅದು ನನ್ನ ಕೈಗೆ ಅಷ್ಟು ರೂಢಿಯ ಕೆಲಸವಾಗಿದ್ದಿರಬೇಕು.

ನಾನು ಹೆಂಡತಿಯತ್ತ ತಿರುಗಿದೆ. “ನಿನಗೆ ಗೊತ್ತಿತ್ತೇನೇ?”

“ಕಣ್ಣಾರೆ ನೋಡಿದ್ದೆ” ಎಂದಳು. “ಅವತ್ತು ಬಾಯಿ ಬಿಡಲಿಲ್ಲ. ಅದಕ್ಕೇ ಅಷ್ಟು ವರ್ಷ ಡಬ್ಬಿ ಕಟ್ಟಿದ್ದು.”

ಇಷ್ಟು ಹೇಳಿ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಪಂಕ್ತಿಯ ಕೊನೆಯಲ್ಲಿ ನೆಲದ ಮೇಲೆ ಕುಳಿತಳು. ಅವಳ ಮುಂದೆ ಒಂದು ಎಲೆ ಹಾಸಿದರು. ಪಕ್ಕದಲ್ಲಿ ಇನ್ನೊಂದು ಎಲೆಯನ್ನು ಅವಳೇ ಕೇಳಿ ಹಾಸಿಸಿದಳು. ಅದಕ್ಕೆ ನೀರು ಚಿಮುಕಿಸಿ, ಅಂಗೈಯಿಂದ ಒರೆಸಿ, ನನ್ನ ಕಡೆ ನೋಡಿದಳು.

ಇಪ್ಪತ್ತು ಹೆಜ್ಜೆಯ ದೂರ. ಇಡೀ ಪಂಕ್ತಿ ನನ್ನನ್ನು ನೋಡುತ್ತಿತ್ತು. ಈಗ ಎದ್ದರೆ ಇಷ್ಟು ವರ್ಷ ಮಾಡಿದ್ದನ್ನೆಲ್ಲ ಒಪ್ಪಿಕೊಂಡಂತೆ ಎಂದು ಅನ್ನಿಸಿತು. ಕೈಯಲ್ಲಿ ಎಳನೀರು ಇತ್ತು. ಬಡಿಸುವವರು ಪಲ್ಯ ತಂದರು, ಆ ಎಲೆಯ ಮುಂದೆ ಒಂದು ಕ್ಷಣ ನಿಂತು ಮುಂದಕ್ಕೆ ಹೋದರು. ಮುದ್ದೆ ಬಂತು, ಸಾರು ಬಂತು. ಅವಳು ತಲೆ ತಗ್ಗಿಸಿ ಊಟ ಮಾಡಿದಳು. ಚಾಲಕರ ಹೆಂಡತಿ ನನ್ನ ಪಕ್ಕದಲ್ಲೇ ನಿಂತು, “ಎಳನೀರು ಸಿಹಿಯಾಗಿದೆಯಾ ಸಾರ್?” ಎಂದು ಕೇಳಿದರು. ಸಿಹಿಯಾಗಿದೆ ಎಂದೆ. ಪಂಕ್ತಿ ಏಳುವವರೆಗೂ ನಾನು ಆ ಕುರ್ಚಿಯಿಂದ ಏಳಲಿಲ್ಲ.