ಅಷ್ಟಗ್ರಹ ಕೂಟವೂ ಅಕ್ಕನ ಮದುವೆಯೂ

ಮೊನ್ನೆ ಸಂಜೆ ನಮ್ಮ ಬೀದಿಯವರೆಲ್ಲ ತಾರಸಿಯ ಮೇಲಿದ್ದರು. ಗ್ರಹಗಳು ಸಾಲಾಗಿ ಕಾಣುತ್ತವೆಂದು ಪೇಪರಿನಲ್ಲಿ ಬಂದಿತ್ತಂತೆ. ನಾನೂ ಮಂಡಿನೋವನ್ನು ಬೈದುಕೊಳ್ಳುತ್ತ ಮೆಟ್ಟಿಲು ಹತ್ತಿದೆ. ಪಕ್ಕದ ಮನೆಯಾಕೆ ಬೆರಳು ಚಾಚಿ, "ಅದು ಗುರು, ಇದು ಶುಕ್ರ" ಎಂದು ಪರಿಚಯ ಮಾಡಿಸಿದರು. ಒಂದು ಕಾಲಕ್ಕೆ ಈ ಹೆಸರುಗಳನ್ನು ಕೇಳಿದರೇ ನಮ್ಮಪ್ಪ ಬೆವರುತ್ತಿದ್ದರು.

ಅರವತ್ತೆರಡರ ಅಷ್ಟಗ್ರಹ ಕೂಟ ನಿಮಗೆ ನೆನಪಿರಲಾರದು. ನಿಮ್ಮಜ್ಜಿಯನ್ನು ಕೇಳಿ ನೋಡಿ. ಎಂಟು ಗ್ರಹಗಳು ಮಕರ ರಾಶಿಯಲ್ಲಿ ಸೇರುತ್ತವೆ, ಪ್ರಳಯವಾಗುತ್ತದೆ ಎಂದು ಎಲ್ಲೆಲ್ಲೂ ಹೋಮ, ಭಜನೆ. ಬಂಗಾರಪೇಟೆಯಲ್ಲಿ ನಮ್ಮ ಎದುರು ಮನೆಯವರು ಹೇಗೂ ಮುಳುಗುವುದೇ ಎಂದು ಬಿತ್ತನೆಗಿಟ್ಟ ಕಡಲೆಕಾಯಿಯನ್ನೂ ಹುರಿದು ತಿಂದರು. ನಮ್ಮ ಮನೆಯಲ್ಲಿ ಚಿಂತೆ ಬೇರೆ. ಕೂಟ ಕಳೆದು ಬರುವ ಮಾಘದಲ್ಲೇ ಅಕ್ಕನ ಮದುವೆ ಗೊತ್ತಾಗಿತ್ತು. ಹುಡುಗ ಮುನಿರತ್ನಂ, ಕೆ.ಜಿ.ಎಫ್. ಗಣಿಯೊಳಗೆ ಕೆಲಸ. ಭಾನುವಾರದ ರೈಲಿಗೆ ಬಂದು, ಅಪ್ಪನೊಡನೆ ಮಾತಾಡುವ ನೆಪದಲ್ಲಿ ಎರಡು ಲೋಟ ಕಾಫಿ ಕುಡಿದು ಹೋಗುತ್ತಿದ್ದ. ಲೋಟ ಕೊಡುವವಳು ಅಕ್ಕ. ಅವಳಿಗೆ ಅವನ ಮೇಲೆ ಜೀವವೇ ಇತ್ತು. ಅವನು ಬರುವ ದಿನ ಬೆಳಿಗ್ಗೆಯಿಂದ ಅವಳು ನನಗೆ ಬೈಯುತ್ತಲೇ ಇರಲಿಲ್ಲ.

"ಎಂಟೂ ಸೇರಿ ಎಳುದ್ರೆ ಭೂಮಿ ಬಿರೀತದೆ. ಒಳಗಿರೋನ ಗತಿ ಏನು?" ಎಂದು ಅಪ್ಪನ ಕೊರಗು.

ಅಕ್ಕ ಎಸ್ಸೆಸ್ಸೆಲ್ಸಿ ಓದಿದವಳು. ಒಂದು ಸಂಜೆ ಅಪ್ಪನನ್ನು ಕಿಟಕಿಗೆ ಕರೆದಳು. ಅಲ್ಲಿಂದ ಸ್ಟೇಷನ್ನಿನ ಸಿಗ್ನಲ್ ಕೈಕಂಬದ ದೀಪ, ನಿಂತ ಇಂಜಿನ್ನಿನ ದೀಪ, ಆಚೆಯ ಗೇಟಿನ ದೀಪ ಒಟ್ಟಿಗೇ ಕಾಣುತ್ತಿದ್ದವು. "ನೋಡಪ್ಪಾ, ಮೂರೂ ಅಂಟ್ಕಂಡಂಗೆ ಕಾಣ್ತವೆ. ಅತ್ರಕ್ಕೋದ್ರೆ ಒಂದಕ್ಕೊಂದು ಎಷ್ಟು ದೂರ! ಗ್ರಹಗಳೂ ಇಂಗೇ. ನಮ್ಮ ಕಣ್ಣಿಗೆ ಮಾತ್ರ ಸೇರ್ತವೆ. ಸೂರ್ಯನ ಸುತ್ತ ಅವುಗಳ ದಾರೀಲಿ ಅವು ಓಯ್ತಿರ್ತವೆ."

ಅಪ್ಪ ಬಹಳ ಹೊತ್ತು ನೋಡಿ, "ದೂರ ಇದ್ರೂ ಬೆಳಕು ಇಲ್ಲಿಗಂಟ ಬತ್ತದಲ್ಲಮ್ಮಾ" ಎಂದರು.

ಕೂಟದ ಭಾನುವಾರ ಮುನಿರತ್ನಂ ಬರಲಿಲ್ಲ. ಅಪ್ಪ ತಡೆಯಲಾಗದೆ, ಅವನನ್ನು ಕರೆತರಲು ನನ್ನ ಕೈಹಿಡಿದು ರೈಲು ಹತ್ತಿದರು. ಗಣಿಯವರ ಸಾಲುಮನೆಯಲ್ಲಿ ಅವನ ತಾಯಿ ನಗುತ್ತ ಚಾಪೆ ಹಾಸಿದರು. ರಾತ್ರಿ ಪಾಳಿ ಮುಗಿಸಿ ಮಲಗಿ ಎದ್ದವನು ಬೀದಿ ನಲ್ಲಿಗೆ ನೀರಿಗೆ ಹೋಗಿದ್ದನಂತೆ. ಕಾಫಿ ಬಂತು. ಆಗ ನೆಲದಡಿ ಗುಡುಗಿದ ಹಾಗಾಗಿ, ಗೂಡಿನ ತಟ್ಟೆಗಳೆಲ್ಲ ಗಲಗಲ ಎಂದವು. ಆಳದಲ್ಲಿ ಬಂಡೆ ಸಿಡಿದರೆ ಅಲ್ಲಿ ಮನೆಗಳು ಹಾಗೆ ನಡುಗುತ್ತವೆ. ಏರ್‌ಬ್ಲಾಸ್ಟ್ ಎಂದು ಅಲ್ಲಿಯವರು ಸುಮ್ಮನಾಗುತ್ತಾರೆ. ಆಕೆಯೂ ಒಲೆಯ ಮೇಲಿನ ಪಾತ್ರೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, "ಕೂತ್ಕಳಿ ಅಣ್ಣಾ, ಇದು ನಮ್ಗೆ ಯಾವಾಗ್ಲೂ ಇರೋದೇ" ಎಂದರು. ಅಪ್ಪ ಎಲ್ಲಿ ಕೂರುತ್ತಾರೆ? "ಗೋವಿಂದಾ!" ಎಂದು ಕೂಗುತ್ತ ನನ್ನನ್ನೆಳೆದುಕೊಂಡು ಬೀದಿಗೆ ಓಡಿದರು. ಎದುರಿಗೆ ಬಿಂದಿಗೆ ಹೊತ್ತು ಬಂದ ಮುನಿರತ್ನಂ, "ಏನಾಯ್ತು ಮಾಮಾ?" ಎಂದ. ನಲ್ಲಿಯ ಬಳಿಯ ಹೆಂಗಸರು ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ಈ ಕಥೆ ಹೇಳಿ ನಾನು ಎಷ್ಟೋ ಮನೆಗಳಲ್ಲಿ ನಗಿಸಿದ್ದೇನೆ. ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಿದ್ದೆ. ಮುಂದಿನದು ನಗುವ ಮಾತಲ್ಲ. ಪ್ರಳಯವಾಗಲಿಲ್ಲ, ಮಾಘ ಬಂತು. "ನೆಲ ನಿಲ್ದಿರೋ ಮನೆಗೆ ಎಣ್ಣು ಕೊಡಲ್ಲ" ಎಂದು ಅಪ್ಪ ಸಂಬಂಧ ಮುರಿದರು. ಅಕ್ಕ ಅತ್ತಳು, ಕಾಲು ಹಿಡಿದಳು. ಅವರು ಮಗಳ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದರೆಂಬುದು ನನ್ನ ಸಂಕಟ, ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ಮುಂದೆ ಬೂದಿಕೋಟೆಯಲ್ಲಿ ಹೊಲ, ಹಸು ಇದ್ದ ಮನೆಗೆ ಅವಳನ್ನು ಕೊಟ್ಟರು. ಭಾವ ಒಳ್ಳೆಯವರು. ಅಕ್ಕ ಮತ್ತೆಂದೂ ಆ ಮಾತೆತ್ತಲಿಲ್ಲ; ಮರೆತಳೆಂದು ನಾವೆಲ್ಲ ನಂಬಿಕೊಂಡೆವು.

ತಾರಸಿಯಿಂದ ಇಳಿದು ಅವಳಿಗೆ ಫೋನ್ ಮಾಡಿದೆ. "ಗ್ರಹಗಳು ಸಾಲಾಗಿ ಅವಂತೆ, ನೋಡಿದ್ಯಾ ಅಕ್ಕ?"

"ನೋಡ್ದೆ ಕಣೇ" ಎಂದಳು. ಆಮೇಲೆ, "ಅಪ್ಪ ತೀರೋದ್ಮೇಲೆ ಒಂದಿನ ಕೆ.ಜಿ.ಎಫ್.ಗೆ ಓಗಿದ್ದೆ. ಆ ಮನೇಲಿ ಈಗ ಬ್ಯಾರೆ ಯಾರೋ ಅವ್ರೆ. ಬಾಗ್ಲಲ್ಲಿ ನಿಂತ್ಕಂಡು ನೋಡ್ದೆ. ಗೋಡೇಲಿ ಒಂದು ಬಿರುಕೂ ಇಲ್ಲ ಕಣೇ" ಎಂದಳು.

ಆ ಕಥೆ ಹೇಳಿ ನಗಿಸುವುದನ್ನು ಅಂದೇ ಬಿಟ್ಟೆ.