ಹಮೀದಾಕ ಬರೆದಿಟ್ಟದ್ದು

ಹಮೀದಾಕ ಕಂಪ್ಯೂಟರ್ ಆಟದಲ್ಲೂ ಕೆಂಪು ದೀಪಕ್ಕೆ ಲಾರಿ ನಿಲ್ಲಿಸುತ್ತಿದ್ದರು. ಎದುರಿನ ಗಾಡಿಗಳು ಸುಳ್ಳು, ಪೊಲೀಸರು ಸುಳ್ಳು, ಆ ರಸ್ತೆಯೇ ಸುಳ್ಳು. ಆದರೂ ನಿಲ್ಲಿಸಿ, ಹಸಿರು ಬಂದ ಮೇಲೆಯೇ ಹೊರಡುತ್ತಿದ್ದರು. ಹಿಂದಿನ ಲಾರಿಯಲ್ಲಿ ಕೂತು ನಾನು ಹಾರ್ನ್ ಒತ್ತಿದರೆ ನನ್ನ ಪರದೆಯ ಮೂಲೆಯಲ್ಲಿ ಅವರ ಸಾಲು ಮೂಡುತ್ತಿತ್ತು: "ಎಂತ ಅವಸರ ಮಾರಾಯ? ಗಾಡಿಯಲ್ಲಿ ಟೊಮೆಟೊ ಉಂಟು. ಜಜ್ಜಿ ಹೋದ್ರೆ ಯಾರು ತಿನ್ನುದು?"

ಸೌದಿಯ ಜುಬೈಲಿನ ಒಂದು ಪ್ಲಾಂಟಿನಲ್ಲಿ ಅವರು ಕಂಪ್ರೆಸರ್ ಆಪರೇಟರ್. ಇಪ್ಪತ್ತೆರಡು ವರ್ಷ ಒಂದೇ ಯಂತ್ರದ ಪಕ್ಕ ಕೆಲಸ, ಒಂದೇ ಕ್ಯಾಂಪಿನಲ್ಲಿ ವಾಸ. ನಾನು ಅಲ್ ಖೋಬರ್‌ನಲ್ಲಿ ವಾಲ್ವ್ ಮಾರುವ ಸಣ್ಣ ಕಂಪನಿಯೊಂದರ ನೌಕರ. ಒಮ್ಮೆ ಆ ಪ್ಲಾಂಟಿಗೆ ಸಾಮಾನು ತಲುಪಿಸಲು ಹೋದವನು ಗೇಟ್ ಪಾಸ್ ಸಿಗದೆ ಬಿಸಿಲಲ್ಲಿ ಒಣಗುತ್ತಿದ್ದಾಗ, ಅವರೇ ಬಂದು "ಊಟ ಆಯ್ತಾ?" ಎಂದು ಕೇಳಿ ಕ್ಯಾಂಪಿಗೆ ಕರೆದುಕೊಂಡು ಹೋಗಿ ಬಂಗುಡೆ ಸಾರು ಬಡಿಸಿದರು. ಅವರು ಉಳ್ಳಾಲದ ಕಡೆಯವರು, ಮನೆಮಾತು ಬ್ಯಾರಿ. ನನ್ನದು ಭಟ್ಕಳ, ನವಾಯತಿ. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ ಬಂತು. ಕ್ಯಾಂಪಿನ ಹುಡುಗರೆಲ್ಲ ಕರೆದಂತೆ ನಾನೂ ಅವರನ್ನು ಹಮೀದಾಕ ಎಂದೇ ಕರೆದೆ.

ಆಮೇಲೆ ರಜೆಯಿದ್ದ ಶುಕ್ರವಾರಗಳಲ್ಲಿ ಅವರು ನಮ್ಮ ಮನೆಗೆ ಊಟಕ್ಕೆ ಬರತೊಡಗಿದರು. ನನ್ನ ಗೇಮಿಂಗ್ ಕಂಪ್ಯೂಟರನ್ನು ಅವರು ಮೊದಲು ನೋಡಿದ್ದು ಹಾಗೆ. ಬಣ್ಣ ಬದಲಿಸುವ ಅದರ ದೀಪಗಳನ್ನು ಕಂಡು, "ಇದಕ್ಕೆ ಮದುವೆಯಾ ಎಂತ?" ಎಂದು ನಕ್ಕರು. ಲಾರಿಯ ಆಟ ಹಾಕಿಕೊಟ್ಟೆ. ಇಳಿಹೊತ್ತಿನ ಅಸರ್ ಬಾಂಗ್ ಆಗುವವರೆಗೆ ಕುರ್ಚಿ ಬಿಡಲಿಲ್ಲ. ತಿಂಗಳೊಳಗೆ ಹಳೆಯ ಲ್ಯಾಪ್‌ಟಾಪ್ ಒಂದನ್ನು ಕ್ಯಾಂಪಿಗೆ ತಂದುಕೊಂಡು, ಡ್ಯೂಟಿ ಮುಗಿದ ಸಂಜೆಗಳಲ್ಲಿ ನನ್ನ ಜೊತೆ ಲಾರಿ ಬಿಡಲು ಸುರು ಮಾಡಿದರು.

ಮೈಕಿನಲ್ಲಿ ಮಾತ್ರ ಎಂದೂ ಮಾತಾಡಲಿಲ್ಲ. "ರೂಮಲ್ಲಿ ಜನ ಮಲಗಿರ್ತಾರೆ" ಎನ್ನುತ್ತಿದ್ದರು. ಎಲ್ಲವನ್ನೂ ಬರೆಯುವುದೇ, ಅದೂ ಪ್ಲಾಂಟಿನ ಲಾಗ್‌ಬುಕ್ಕಿನಲ್ಲಿ ಬರೆದ ಹಾಗೆ. "5.40. ಗಾಡಿ ಬಿಟ್ಟಿದೆ. ಡೀಸೆಲ್ ಮುಕ್ಕಾಲು. ಎಲ್ಲ ನಾರ್ಮಲ್." ಮಗ್ರಿಬ್ ಆದರೆ, "ನಮಾಜಿಗೆ ಹೋಗ್ತೇನೆ. ಗಾಡಿ ಸೈಡಲ್ಲಿ. ಹ್ಯಾಂಡ್‌ಬ್ರೇಕ್ ಹಾಕಿದೆ." ಒಂದು ದಿನ ಇದಕ್ಕೆ ತಮಾಷೆ ಮಾಡಿದೆ. ಅವರು ಗಂಭೀರವಾಗಿಯೇ ಉತ್ತರಿಸಿದರು: "ಪ್ಲಾಂಟಲ್ಲಿ ಶಿಫ್ಟ್ ಬಿಡುವವ ಬರೆದಿಡ್ಬೇಕು, ಬರುವವ ಓದಿ ಸೈನ್ ಹಾಕ್ಬೇಕು. ಬರೆದ ಮೇಲೆ 'ಓದಿದೆಯಾ' ಅಂತ ಕೇಳ್ಲಿಕ್ಕಿಲ್ಲ. ಕೇಳಿದ್ರೆ ಅವನಿಗೆ ಮರ್ಯಾದೆ ಕಮ್ಮಿ ಮಾಡಿದ ಹಾಗೆ." ಇಪ್ಪತ್ತೆರಡು ವರ್ಷದಲ್ಲಿ ಅವರು ಬರೆದಿಟ್ಟದ್ದನ್ನು ಓದದೆ ಬಿಟ್ಟವನು ಒಬ್ಬನೂ ಇರಲಿಲ್ಲವಂತೆ.

ಆ ಮೊದಲಿಗ ನಾನಾದೆ.

ಅದು ಆದದ್ದು ಹೀಗೆ. ನನಗೆ ಬೇರೆ ಗೆಳೆಯರು ಸಿಕ್ಕಿದ್ದರು. ರಿಯಾದಿನ ಇಬ್ಬರು, ದಮ್ಮಾಮಿನ ಒಬ್ಬ. ಗುಂಡು ಹಾರಿಸುವ ಆಟ, ಎರಡು ಕ್ಷಣ ಕಣ್ಣು ತಪ್ಪಿದರೆ ಸತ್ತಂತೆ. ನಾನು ಯಾವ ಆಟದಲ್ಲಿದ್ದರೂ ಹಮೀದಾಕರ ಮೆಸೇಜು ಅದರ ಮೇಲೆಯೇ ತೇಲಿ ಬರುತ್ತಿತ್ತು. ಹಾಗೆ ತೇಲಿಸುವ ಸೌಕರ್ಯಕ್ಕೆ ಓವರ್‌ಲೇ ಎನ್ನುತ್ತಾರೆ. ನಾನು ಗೋಡೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತಿರುವಾಗ, "ಇವತ್ತು ಮೆಸ್ಸಲ್ಲಿ ಅಲಸಂಡೆ. ಉಪ್ಪು ಜಾಸ್ತಿ" ಎಂದು ಬರುವುದು. ಒಂದು ಸಂಜೆ ಗೆಲ್ಲುವ ಆಟವನ್ನು ಹೀಗೆಯೇ ಸೋತೆ. ಆಗ ನನ್ನ ಪರದೆಯನ್ನು ನೆಟ್ಟಿನಲ್ಲಿ ಗೆಳೆಯರಿಗೂ ತೋರಿಸುತ್ತಿದ್ದೆ. "ಉನ್ ಚಚ್ಚಾ ಕೋ ಭೀ ಟೀಮ್ ಮೇ ಲೇಲೋ", ಆ ಚಾಚಾನನ್ನೂ ಟೀಮಿಗೆ ಸೇರಿಸಿಕೋ, ಎಂದು ಅವರು ಬಿದ್ದು ಬಿದ್ದು ನಕ್ಕರು. ನನಗೆ ಮುಖ ಬಿಸಿಯಾಯಿತು. ಸೆಟ್ಟಿಂಗ್ಸಿಗೆ ಹೋಗಿ ಓವರ್‌ಲೇ ಆಫ್ ಮಾಡಿದೆ. ಒಂದೇ ಒಂದು ಗುಂಡಿ. ಮೂಲೆ ಖಾಲಿಯಾಯಿತು, ನಿಜ ಹೇಳುತ್ತೇನೆ, ಹಾಯೆನಿಸಿತು.

ಮೆಸೇಜುಗಳು ಎಲ್ಲಿಗೂ ಹೋಗಿರಲಿಲ್ಲ. ಆಟ ಮುಗಿಸಿ ಚಾಟ್ ತೆರೆದರೆ ಓದಬಹುದಿತ್ತು. ಅವರ ಹೆಸರಿನ ಪಕ್ಕದ ಕೆಂಪು ಅಂಕಿ ಏರುವುದು ದಿನವೂ ಕಾಣುತ್ತಿತ್ತು. ಅಲಸಂಡೆ, ಉಪ್ಪು, ಡೀಸೆಲ್ ಎಂದು ನಾನೇ ತೀರ್ಮಾನಿಸಿ ಬಿಟ್ಟುಬಿಡುತ್ತಿದ್ದೆ. ಲಾರಿಯ ಆಟವನ್ನೂ ಕೆಲಸ ಜಾಸ್ತಿ ಎಂಬ ನೆವ ಹೇಳಿ ನಿಲ್ಲಿಸಿದೆ.

ಮುಂದಿನ ಶುಕ್ರವಾರ ಊಟಕ್ಕೆ ಬಂದವರು ತಟ್ಟೆ ನೋಡುತ್ತಾ, "ನಾನು ಬರೆದದ್ದು ಬರ್ತಾ ಉಂಟಲ್ಲ?" ಎಂದರು. ಕೇಳಬಾರದೆಂಬ ತಮ್ಮ ಕಾನೂನನ್ನು ತಾವೇ ಮುರಿಯಲು ಅವರಿಗೆ ಎಷ್ಟು ಸಂಕೋಚವಾಗಿತ್ತೋ. ನಾನು ಕಣ್ಣು ಮಿಟುಕಿಸದೆ, "ನಿಮ್ಮ ಕ್ಯಾಂಪಿನ ನೆಟ್ ಸರಿ ಇಲ್ಲ ಹಮೀದಾಕ, ಒಂದೂ ಬರ್ತಾ ಇಲ್ಲ" ಎಂದೆ. "ಹೌದಾ? ಅದೇ ನಾನು ಗ್ರಹಿಸಿದೆ" ಎಂದರು, ಹಗುರಾದವರಂತೆ. ಅದೇ ಊಟದಲ್ಲಿ ಮಾತಿಗೆ ಮಾತು ಬಂದು, ನಮ್ಮ ಗೋದಾಮಿಗೆ ಸ್ಟೋರ್ ಕೀಪರ್ ಬೇಕಾಗಿದ್ದಾರೆ, ಮ್ಯಾನೇಜರ್ ನನ್ನನ್ನೇ ಜನ ಹುಡುಕಲು ಹೇಳಿದ್ದಾರೆ ಎಂದಿದ್ದೆ. ಅವರು ನನ್ನ ತುಟಿಯನ್ನೇ ನೋಡುತ್ತಾ ಕೇಳಿಸಿಕೊಂಡರು.

ಆಮೇಲಿನ ಶುಕ್ರವಾರಗಳಲ್ಲಿ ಅವರು ಊಟಕ್ಕೆ ಬರಲಿಲ್ಲ. ತಿಂಗಳೂ ಕಳೆದಿರಲಿಲ್ಲ. ಆಫೀಸಿನಲ್ಲಿದ್ದಾಗ ವಾಟ್ಸಾಪಿಗೆ ಒಂದು ಸಾಲು ಬಂತು: "ಶುಕ್ರವಾರ ಫೈನಲ್ ಎಕ್ಸಿಟ್. ದಮ್ಮಾಮಿಂದ ಫ್ಲೈಟ್. ದುವಾ ಮಾಡು." ಫೈನಲ್ ಎಕ್ಸಿಟ್ ಎಂದರೆ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ರದ್ದು, ಈ ದೇಶದ ಋಣ ಮುಗಿದಂತೆ. ಫೋನ್ ಮಾಡಿದರೆ ಎತ್ತಲಿಲ್ಲ. ಮನೆಗೆ ಬಂದವನು ಬೂಟು ಸಹ ಬಿಚ್ಚದೆ ಕಂಪ್ಯೂಟರ್ ಹಾಕಿ ಚಾಟ್ ತೆರೆದೆ.

ಮೊದಲ ಹತ್ತಾರು ಮೆಸೇಜುಗಳಲ್ಲಿ ಅಲಸಂಡೆಯೇ ಇತ್ತು. ನನ್ನ ಮಗಳ ಜ್ವರದ ವಿಚಾರಣೆ ಇತ್ತು. ಆಮೇಲೆ: "ನೆಟ್ ಸರಿ ಇಲ್ಲ ಅಂದಿಯಲ್ಲ, ಈಗ ಲ್ಯಾಪ್‌ಟಾಪ್ ಹಿಡ್ಕೊಂಡು ಹೊರಗಿನ ಮೆಟ್ಟಿಲಲ್ಲಿ ಕೂತಿದ್ದೇನೆ. ಸೆಕೆ ಉಂಟು. ಆದ್ರೆ ಸಿಗ್ನಲ್ ಫುಲ್." ಅದರ ಕೆಳಗೆ ಉದ್ದದ್ದು ಒಂದು:

"ನಿನಗೆ ಮಾತ್ರ ಹೇಳುದು. ನನಗೆ ಕಿವಿ ಕೇಳುದಿಲ್ಲ. ಎಡದ್ದು ಪೂರ್ತಿ ಹೋಗಿದೆ, ಬಲದ್ದು ಸ್ವಲ್ಪ ಉಂಟು. ಕಂಪ್ರೆಸರಿನ ಶಬ್ದ ತಿಂದದ್ದು. ಮೈಕಲ್ಲಿ ಮಾತಾಡದ್ದು ಅದಕ್ಕೇ. ವಾಟ್ಸಾಪಲ್ಲಿ ಬರೆದ್ರೆ ಊರಲ್ಲಿ ಟ್ಯಾಬಲ್ಲೂ ಕಾಣ್ತದೆ, ಮಗಳು ಜೋಡಿಸಿ ಇಟ್ಟಿದ್ದಾಳೆ. ಮನೆಯಲ್ಲಿ ಗೊತ್ತಿಲ್ಲ. ವರ್ಷಕ್ಕೊಮ್ಮೆ ಮೆಡಿಕಲ್ ಉಂಟು, ಶಬ್ದ ಕೇಳಿದಾಗ ಬಟನ್ ಒತ್ತುದು. ಎರಡು ವರ್ಷ ಗಾಜಲ್ಲಿ ಟೆಕ್ನಿಷಿಯನ್‌ನ ಮೊಣಕೈ ಅಲ್ಲಾಡುದು ನೋಡಿ ಒತ್ತಿದೆ, ಪಾಸ್. ಈ ಸಲ ಕುರ್ಚಿ ಗೋಡೆ ಕಡೆ ತಿರುಗಿಸಿದ್ರು. ಫೇಲ್. ತಿಂಗಳ ಕೊನೆಗೆ ಕಳಿಸ್ತಾರೆ. ಅಷ್ಟರೊಳಗೆ ಬೇರೆ ಕಂಪನಿ ತಗೊಂಡ್ರೆ ಬಿಡ್ತಾರೆ. ನಿಮ್ಮ ಗೋದಾಮಿನ ಕೆಲಸಕ್ಕೆ ಕಿವಿ ಬೇಡ ಅಲ್ವಾ? ಮಗಳ ನರ್ಸಿಂಗಿಗೆ ಇನ್ನೊಂದು ವರ್ಷ ಉಂಟು. ಕೇಳಿ ನೋಡ್ತೀಯಾ?"

ಇಪ್ಪತ್ತು ದಿನ ಹಿಂದಿನ ಮೆಸೇಜು. ಅದಾದ ಮೇಲೆ ಮತ್ತೆ ಕೇಳಿರಲಿಲ್ಲ, ಬರೆದಿಟ್ಟಾಗಿತ್ತಲ್ಲ. ಮರುದಿನ ಮ್ಯಾನೇಜರ್ ಎದುರು ಹೋಗಿ ನಿಂತೆ. ಅವರು ಒಳ್ಳೆಯವರೇ. "ಹೋದ ವಾರ ಹೇಳಿದ್ದರೂ ಆಗುತ್ತಿತ್ತು, ಈಗ ಆ ಜಾಗಕ್ಕೆ ಜನ ಬಂದಾಯಿತಲ್ಲ" ಎಂದರು. ಆ ಜನವನ್ನು ಹುಡುಕಿ ಕೊಟ್ಟವನೂ ನಾನೇ, ದಮ್ಮಾಮಿನ ಗೇಮಿಂಗ್ ಗೆಳೆಯನ ತಮ್ಮ.

ಶುಕ್ರವಾರ ಬೆಳಿಗ್ಗೆ ನಾನೇ ಜುಬೈಲಿಗೆ ಹೋಗಿ ಅವರನ್ನು ಕರೆದುಕೊಂಡೆ. ಎರಡು ಪೆಟ್ಟಿಗೆ, ಒಂದು ಕಂಬಳಿ, ಆ ಲ್ಯಾಪ್‌ಟಾಪ್. ಕಾರಿಗೆ ಸಾಮಾನು ಹಾಕುವಾಗ ನನ್ನ ಹೆಗಲು ತಟ್ಟಿ ಹೇಳಿದರು: "ನೀನು ಕೇಳಿರ್ತೀ ಅಂತ ನನಗೆ ಗೊತ್ತುಂಟು. ಅವರು ಆಗುದಿಲ್ಲ ಅಂದಿರ್ಬೇಕು. ಅದನ್ನು ನನಗೆ ಹೇಳ್ಲಿಕ್ಕೆ ನಿನಗೆ ಕಷ್ಟ ಆಗಿದೆ, ಪಾಪ. ಮನಸ್ಸಿಗೆ ಹಚ್ಕೊಳ್ಬೇಡ ಮಾರಾಯ." ನಾನು ಡಿಕ್ಕಿ ಮುಚ್ಚುವ ನೆಪದಲ್ಲಿ ಬೆನ್ನು ತಿರುಗಿಸಿದೆ. ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಹೆದ್ದಾರಿಗೆ ಬಂದ ಮೇಲೆ ತಡೆಯಲಾಗಲಿಲ್ಲ. ರಸ್ತೆಯ ಮೇಲೇ ಕಣ್ಣಿಟ್ಟು ಎಲ್ಲವನ್ನೂ ಹೇಳಿದೆ. ಓವರ್‌ಲೇ ಆಫ್ ಮಾಡಿದ್ದು, ಗೆಳೆಯರು ನಕ್ಕದ್ದು, ನೆಟ್ ಎಂದು ಸುಳ್ಳಾಡಿದ್ದು, ಕೆಂಪು ಅಂಕಿ ನೋಡಿಯೂ ಮುಟ್ಟದ್ದು, ಆ ಕೆಲಸ ಬೇರೆಯವರಿಗೆ ಕೊಡಿಸಿದ್ದು. ಅವರು ಕಿಟಕಿಯಾಚೆ ಪೈಪುಗಳನ್ನೂ ಚಿಮಣಿಗಳನ್ನೂ ನೋಡುತ್ತಿದ್ದರು. ನಾನು ಹೇಳಿ ಮುಗಿಸಿ ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದರು.

"ಎಸಿ ಸ್ವಲ್ಪ ಕಮ್ಮಿ ಮಾಡು. ನೀನು ಎಂತದೋ ಹೇಳಿದ ಹಾಗೆ ಆಯ್ತು."

ಎಸಿ ಆಫ್ ಮಾಡಿದೆ. ಕಾರಿನೊಳಗೆ ನಿಶ್ಶಬ್ದವಾಯಿತು. ಹಮೀದಾಕ ಬಾಗಿ, ಬಲಗಿವಿಯ ಹಿಂದೆ ಅಂಗೈ ಹಿಡಿದು, ನನ್ನ ತುಟಿಯನ್ನೇ ನೋಡುತ್ತಾ ಕಾದರು.

"ಎಂತ ಇಲ್ಲ ಹಮೀದಾಕ" ಎಂದು ಗಟ್ಟಿಯಾಗಿ ಹೇಳಿದೆ. "ರೋಡಲ್ಲಿ ಗಾಡಿ ಕಮ್ಮಿ ಉಂಟು, ಬೇಗ ಮುಟ್ಟುತ್ತೇವೆ ಅಂತ ಹೇಳಿದ್ದು."

"ಹೌದೌದು" ಎಂದರು, ಕೇಳಿಸಿತೆಂಬ ಖುಷಿಯಲ್ಲಿ.